ಓದುಗರ ಪ್ರಶ್ನೆ, ನಮ್ಮ ಉತ್ತರ: ವಿಜ್ಞಾನ ಕಥೆಗೆ ಮನೆ ಕಟ್ಟಿದವರು

ಆಧುನಿಕ ವಿಜ್ಞಾನ ಕಥೆಯ ಆರಂಭ ಎಲ್ಲಿಂದ ಎಂದು ಕಳೆದ ತಿಂಗಳು ಕೇಳಿದ್ದ ಓದುಗರೊಬ್ಬರಿಗೆ, 1818ರಲ್ಲಿ ಮೇರಿ ಶೆಲ್ಲಿ ಪ್ರಕಟಿಸಿದ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯಿಂದ ಎಂದು ಒಂದೇ ಸಾಲಿನಲ್ಲಿ ಉತ್ತರಿಸಿ ಕೈತೊಳೆದುಕೊಂಡಿದ್ದೆ. ಅದು ಅವಸರದ ಉತ್ತರವೆಂಬುದನ್ನು ಗದಗ, ಹಾವೇರಿ, ಹುಬ್ಬಳ್ಳಿ, ಧಾರವಾಡಗಳಿಂದ ಬಂದ ಪತ್ರಗಳು ತೋರಿಸಿಕೊಟ್ಟಿವೆ. ಕೆಲವರು ಒಪ್ಪಿಲ್ಲ, ಕೆಲವರು ಇನ್ನಷ್ಟು ಕೇಳಿದ್ದಾರೆ, ಒಬ್ಬರಂತೂ ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡಿದ್ದಾರೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮೂರಿನ ವೀರನಾರಾಯಣನ ಗುಡಿಯಲ್ಲಿ ಕುಳಿತು ಕುಮಾರವ್ಯಾಸ ಭಾರತ ಬರೆದನೆಂಬ ಹೆಮ್ಮೆಯಲ್ಲಿ ಬೆಳೆದವರು ನಾವು. ಗಾಂಧಾರಿಯ ಗರ್ಭಪಿಂಡವನ್ನು ನೂರೊಂದು ಪಾಲು ಮಾಡಿ ತುಪ್ಪದ ಕೊಡಗಳಲ್ಲಿಟ್ಟು ಮಕ್ಕಳನ್ನು ಪಡೆದ ಕಥೆ ಭಾರತದಲ್ಲಿಯೇ ಇದೆ, ಪುಷ್ಪಕ ವಿಮಾನ ರಾಮಾಯಣದಲ್ಲಿದೆ. ಹೀಗಿರುವಾಗ ಇಂಗ್ಲೆಂಡಿನ ಹುಡುಗಿಯೊಬ್ಬಳು ಮೊನ್ನೆ ಮೊನ್ನೆ ಬರೆದದ್ದನ್ನು ಮೊದಲನೆಯದೆಂದು ಯಾವ ಬಾಯಿಂದ ಹೇಳುತ್ತೀರಿ? (ನಿವೃತ್ತ ಉಪನ್ಯಾಸಕರು, ಗದಗ)

ಉತ್ತರ: ನಿಮ್ಮ ಆಕ್ಷೇಪಕ್ಕೆ ತೂಕವಿದೆ, ಅದನ್ನು ಬರೀ ಅಭಿಮಾನದ ಮಾತೆಂದು ತಳ್ಳಿಹಾಕಲಾರೆ. ಒಡಲಿನಾಚೆ ಶಿಶು ಬೆಳೆಯಬಹುದೆಂದು ಅಷ್ಟು ಹಿಂದೆ ನೆನೆದ ಮನಸ್ಸು ಸಣ್ಣದಲ್ಲ. ಆದರೂ ಕಲ್ಪನೆಯ ವಯಸ್ಸು ಬೇರೆ, ಸಾಹಿತ್ಯ ಪ್ರಕಾರದ ವಯಸ್ಸು ಬೇರೆ. ಗಾಂಧಾರಿಯ ಪಿಂಡವನ್ನು ಪಾಲು ಮಾಡಿದವರು ವ್ಯಾಸರು. ಕೊಡಗಳಲ್ಲಿ ಮಕ್ಕಳು ಬೆಳೆದದ್ದು ಋಷಿಯ ವರದ ಬಲದಿಂದ. ತುಪ್ಪದ ಬದಲಿಗೆ ಎಣ್ಣೆ ಹಾಕಿದ್ದರೆ ಏನಾಗುತ್ತಿತ್ತು, ಹಸ್ತಿನಾವತಿಯ ಸೂಲಗಿತ್ತಿಯೊಬ್ಬಳು ಅದೇ ಕೆಲಸವನ್ನು ಕಲಿತು ಇನ್ನೊಂದು ಮನೆಯಲ್ಲಿ ಮಾಡಬಹುದಿತ್ತೇ ಎಂದು ಆ ಕಥೆ ಕೇಳುವುದಿಲ್ಲ. ಕೇಳುವ ಅಗತ್ಯವೂ ಅದಕ್ಕಿಲ್ಲ, ಏಕೆಂದರೆ ಅದರ ಚಿಂತೆಯೆಲ್ಲ ವಂಶದ್ದು, ಮತ್ಸರದ್ದು, ಧರ್ಮದ್ದು. ವಿಜ್ಞಾನ ಕಥೆ ಹುಟ್ಟುವುದು ಆ ಸೂಲಗಿತ್ತಿಯ ಪ್ರಶ್ನೆ ಎದ್ದಾಗ.

ಮೇರಿ ಶೆಲ್ಲಿಯ ಹೆಸರನ್ನು ನಾನು ಹೇಳಿದ್ದು ಈ ಕಾರಣಕ್ಕೆ. 1815ರ ಏಪ್ರಿಲಿನಲ್ಲಿ ಇಂಡೋನೇಷ್ಯದ ಸುಂಬಾವ ದ್ವೀಪದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದು ಉಗುಳಿದ ಬೂದಿ ಮತ್ತು ಗಂಧಕದ ಅನಿಲ ವಾತಾವರಣದ ಮೇಲ್ಪದರವನ್ನು ಸೇರಿ ಬಿಸಿಲನ್ನು ತಡೆದದ್ದರಿಂದ ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಆ ಚಳಿಮಳೆಯಲ್ಲಿ ಜಿನೀವಾ ಸರೋವರದ ದಂಡೆಯ ಮನೆಯೊಳಗೆ ಸಿಕ್ಕಿಕೊಂಡ ಕವಿ ಬೈರನ್ ಮತ್ತು ಅವನ ಅತಿಥಿಗಳು ಒಬ್ಬೊಬ್ಬರೂ ಒಂದೊಂದು ದೆವ್ವದ ಕಥೆ ಬರೆಯಬೇಕೆಂದು ಗೊತ್ತುಮಾಡಿಕೊಂಡರು. 18 ವರ್ಷದ ಮೇರಿ ಬರೆಯತೊಡಗಿದ್ದು ‘ಫ್ರಾಂಕೆನ್‌ಸ್ಟೈನ್’ ಕಥೆಯನ್ನು. ಎತ್ತಣ ತಂಬೋರಾ, ಎತ್ತಣ ಜಿನೀವಾ!

ಆದರೆ ಅವಳ ಕಥೆಯಲ್ಲಿ ದೆವ್ವ ಬರಲಿಲ್ಲ. ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಅದುರುವುದನ್ನು ಇಟಲಿಯ ಗಾಲ್ವಾನಿ ಆಗಲೇ ತೋರಿಸಿದ್ದ. ಅವನ ಸೋದರಳಿಯ ಆಲ್ಡೀನಿ 1803ರಲ್ಲಿ ಲಂಡನ್ನಿನಲ್ಲಿ, ಗಲ್ಲಿಗೇರಿದ ಅಪರಾಧಿಯೊಬ್ಬನ ಹೆಣಕ್ಕೆ ವಿದ್ಯುತ್ ಹರಿಸಿ ದವಡೆ ಅಲುಗುವುದನ್ನು, ಕಣ್ಣು ತೆರೆಯುವುದನ್ನು ಜನರಿಗೆ ತೋರಿಸಿದ್ದ. ಮೇರಿಯ ನಾಯಕ ವಿಕ್ಟರ್ ಎಳವೆಯಲ್ಲಿ ರಸವಾದಿಗಳ ಹಳೆಯ ಗ್ರಂಥಗಳಿಗೆ ಮರುಳಾದವನು. ಅವನು ವಿಶ್ವವಿದ್ಯಾಲಯಕ್ಕೆ ಹೋದಾಗ ಒಬ್ಬ ಅಧ್ಯಾಪಕ ಅವನ್ನೆಲ್ಲ ಕಸವೆಂದು ಹೀಯಾಳಿಸುತ್ತಾನೆ, ಇನ್ನೊಬ್ಬ ರಸಾಯನಶಾಸ್ತ್ರದ ದಾರಿ ತೋರಿಸುತ್ತಾನೆ. ಮಂತ್ರವನ್ನು ಬಿಟ್ಟು ಪ್ರಯೋಗಶಾಲೆಯ ಬಾಗಿಲು ತಟ್ಟುವ ಆ ತಿರುವನ್ನು ಕಾದಂಬರಿ ತನ್ನೊಳಗೇ ಒಂದು ಪ್ರಸಂಗವಾಗಿ ಇಟ್ಟುಕೊಂಡಿದೆ. ವಿಕ್ಟರ್ ಹೆಣಗಳ ಭಾಗಗಳನ್ನು ಜೋಡಿಸಿ ಒಂದು ಜೀವಿಯನ್ನು ಸೃಷ್ಟಿಸುತ್ತಾನೆ. ಅಲ್ಲಿಂದ ಮುಂದೆ ಕಾದಂಬರಿ ಕೇಳುವುದು ಜೀವ ಕೊಟ್ಟವನ ಹೊಣೆ ಎಷ್ಟು ಎಂಬುದನ್ನು. ಖಗೋಳಜ್ಞ ಕೆಪ್ಲರನ ‘ಸೋಮ್ನಿಯಂ’ (1634) ಈ ಹೊಸ್ತಿಲಿನ ಮೇಲೆಯೇ ನಿಂತ ಕೃತಿ: ಅದರಲ್ಲಿ ಮನುಷ್ಯರನ್ನು ಚಂದ್ರನಿಗೆ ಒಯ್ಯುವವು ಭೂತಗಳು, ಆದರೆ ಚಂದ್ರನ ಮೇಲೆ ನಿಂತವನಿಗೆ ಭೂಮಿ ಹೇಗೆ ಕಾಣುತ್ತದೆಂಬ ವಿವರಣೆ ಶುದ್ಧ ಖಗೋಳಶಾಸ್ತ್ರ.

ಮೇರಿಗೆ ಈ ಮೊದಲ ಸ್ಥಾನ ಕೊಟ್ಟವರಲ್ಲಿ ಪ್ರಮುಖ ಇಂಗ್ಲಿಷ್ ಲೇಖಕ ಬ್ರಿಯಾನ್ ಆಲ್ಡಿಸ್. 1973ರಲ್ಲಿ ಅವನು ಮಂಡಿಸಿದ ಈ ವಾದವನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಹಾಗಾಗಿ ನಿಮ್ಮ ಪಕ್ಷದಲ್ಲಿ ನೀವು ಒಬ್ಬರೇ ಇಲ್ಲ. ಕುಮಾರವ್ಯಾಸನನ್ನು ಮಾತ್ರ ಈ ಪಂಕ್ತಿಯಲ್ಲಿ ಕೂಡಿಸಲು ನನಗೆ ಮನಸ್ಸಿಲ್ಲ, ಅವನ ಎಲೆ ಇರುವುದು ಬೇರೆ ಪಂಕ್ತಿಯಲ್ಲಿ.

ಪ್ರಶ್ನೆ: ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತನಾದವನು ನಾನು. ಜೂಲ್ಸ್ ವರ್ನ್ ನನಗೆ ಹಿಡಿಸುತ್ತಾನೆ, ಎಚ್. ಜಿ. ವೆಲ್ಸ್ ಹಿಡಿಸುವುದಿಲ್ಲ. ಒಬ್ಬನ ಯಂತ್ರಕ್ಕೆ ಲೆಕ್ಕವಿದೆ, ಇನ್ನೊಬ್ಬನ ಯಂತ್ರಕ್ಕೆ ಲೆಕ್ಕವೇ ಇಲ್ಲ. ಮೊಮ್ಮಗ ಇದಕ್ಕೆ ಉಲ್ಟಾ ಹೇಳುತ್ತಾನೆ. ಯಾರದು ಸರಿ? (ಓದುಗರು, ಹುಬ್ಬಳ್ಳಿ)

ಉತ್ತರ: ಫ್ರಾನ್ಸಿನ ವರ್ನ್ ಸ್ವತಃ ನಿಮ್ಮ ಪಕ್ಷದವನು. 1903ರ ಒಂದು ಸಂದರ್ಶನದಲ್ಲಿ ಅವನು, ತಾನು ಚಂದ್ರನಿಗೆ ಹೋಗಲು ತೋಪಿನ ಗುಂಡನ್ನು ಬಳಸಿದರೆ ಇಂಗ್ಲೆಂಡಿನ ವೆಲ್ಸ್ ಗುರುತ್ವಾಕರ್ಷಣೆಯನ್ನು ತಡೆಯುವ ಒಂದು ಲೋಹವನ್ನೇ ಸೃಷ್ಟಿಸಿಕೊಂಡು ಹೋಗುತ್ತಾನೆಂದು ದೂರಿ, ಆ ಲೋಹವನ್ನು ತೋರಿಸಲಿ ನೋಡೋಣ ಎಂದಿದ್ದ.

ಆದರೆ ಫಿಟ್ಟರರಾದ ನೀವು ವರ್ನನ ಲೆಕ್ಕವನ್ನೂ ಒಮ್ಮೆ ಅಳತೆಗೋಲಿಟ್ಟು ನೋಡಬೇಕು. 1865ರ ಚಂದ್ರಯಾನದ ಕಾದಂಬರಿಯಲ್ಲಿ ಅವನ ತೋಪಿನ ಉದ್ದ 900 ಅಡಿ. ಅಷ್ಟರೊಳಗೆ ಗುಂಡು ಸೆಕೆಂಡಿಗೆ ಸುಮಾರು 11 ಕಿಲೋಮೀಟರ್ ವೇಗ ಪಡೆಯಬೇಕು. ಹಾಗಾದರೆ ಒಳಗಿದ್ದವರ ಮೇಲೆ ಬೀಳುವ ಒತ್ತಡ ಭೂಮಿಯ ಸೆಳೆತಕ್ಕಿಂತ 20,000 ಪಟ್ಟಿಗೂ ಮಿಗಿಲು. 60 ಕಿಲೋ ತೂಕದ ಮನುಷ್ಯ ಆ ಕ್ಷಣದಲ್ಲಿ 1,200 ಟನ್ನಿಗಿಂತ ಹೆಚ್ಚು ತೂಗುತ್ತಾನೆ. ವರ್ನ್ ಈ ಪೆಟ್ಟನ್ನು ತಗ್ಗಿಸಲು ಅಡಿಯಲ್ಲಿ ನೀರಿನ ಮೆತ್ತೆ ಇಟ್ಟ, ಪಾಪ. ಆ ನೀರಿನಿಂದ ಯಾರೂ ಉಳಿಯುತ್ತಿರಲಿಲ್ಲ. ಆದರೂ ಲೆಕ್ಕ ಕೊಟ್ಟಿದ್ದರಿಂದಲೇ ತಪ್ಪು ಹಿಡಿಯಲು ಬಂತು ಎಂಬುದನ್ನು ಮರೆಯಬಾರದು. ವರ್ನನನ್ನು ಓದಿ ಬೆಳೆದ ರಷ್ಯಾದ ಶಾಲಾ ಮಾಸ್ತರ ತ್ಸಿಯಾಲ್ಕೋವ್‌ಸ್ಕಿ, ತೋಪು ಆಗದು, ರಾಕೆಟ್ ಆಗಬಹುದು ಎಂದು ತೋರಿಸುವ ಗಣಿತವನ್ನು ಪ್ರಕಟಿಸಿದ್ದು ಅದೇ 1903ರಲ್ಲಿ.

ವೆಲ್ಸನ ಕಾಲಯಂತ್ರ ಹೇಗೆ ನಡೆಯುತ್ತದೆಂದು 1895ರ ಆ ಕಾದಂಬರಿಯನ್ನು ಎಷ್ಟು ಸಲ ಓದಿದರೂ ಗೊತ್ತಾಗುವುದಿಲ್ಲ. ಅವನಿಗೆ ಆ ಯಂತ್ರ ಒಂದು ಚಕ್ಕಡಿ ಮಾತ್ರ. ಅದರಲ್ಲಿ ಹತ್ತಿಸಿಕೊಂಡು 8,02,701ನೆಯ ಇಸವಿಗೆ ಒಯ್ದು, ದುಡಿಯುವವರನ್ನು ನೆಲದಡಿಗೂ ಉಣ್ಣುವವರನ್ನು ನೆಲದ ಮೇಲೂ ಇರಿಸಿದ ಸಮಾಜ ಮುಂದೆ ಎರಡು ಜಾತಿಯ ಪ್ರಾಣಿಗಳಾಗಿ ಒಡೆದುಹೋಗುವುದನ್ನು ತೋರಿಸುತ್ತಾನೆ. ಡಾರ್ವಿನ್ನನ ಪರವಾಗಿ ವಾದಿಸಿದ ಥಾಮಸ್ ಹಕ್ಸ್‌ಲಿಯ ಬಳಿ ಜೀವಶಾಸ್ತ್ರ ಕಲಿತವನು ವೆಲ್ಸ್. ಅವನ ಲೆಕ್ಕ ಕಬ್ಬಿಣದ್ದಲ್ಲ, ವಿಕಾಸದ್ದು. ಮಂಗಳಗ್ರಹದವರು ಇಂಗ್ಲೆಂಡಿನ ಮೇಲೆ ದಂಡೆತ್ತಿ ಬರುವ 1898ರ ಕಾದಂಬರಿಯ ಆರಂಭದಲ್ಲಿಯೇ ಅವನು, ಯುರೋಪಿನವರು ಟಾಸ್ಮೇನಿಯದ ಮೂಲನಿವಾಸಿಗಳನ್ನು ಅಳಿಸಿಹಾಕಿದ್ದನ್ನು ನೆನಪಿಸುತ್ತಾನೆ. ತನ್ನ ದೇಶದವರಿಗೆ ಆ ಕಾಲದಲ್ಲಿ ಅದನ್ನು ಹೇಳುವುದಕ್ಕೆ ಎದೆ ಬೇಕಿತ್ತು. ಮೊಮ್ಮಗನಿಗೆ ಅರ್ಧ ಅಂಕ ಹೆಚ್ಚು ಕೊಡುತ್ತೇನೆ.

ನಿಮ್ಮ ಸಮಾಧಾನಕ್ಕೆ ಒಂದು ಮಾತು. ಸಮುದ್ರದಡಿ ನಾಟಿಲಸ್ ಎಂಬ ಜಲಾಂತರ್ಗಾಮಿಯನ್ನು ನಡೆಸುವ ನಿಗೂಢ ಕ್ಯಾಪ್ಟನ್ ನೀಮೋ ಯಾರೆಂಬುದನ್ನು ವರ್ನ್ ಮುಂದೆ ‘ರಹಸ್ಯ ದ್ವೀಪ’ದ ಕಾದಂಬರಿಯಲ್ಲಿ (1874-75) ಬಿಚ್ಚಿಟ್ಟ: ಅವನು ಬುಂದೇಲಖಂಡದ ರಾಜಕುಮಾರ ದಕ್ಕರ್, 1857ರ ದಂಗೆಯಲ್ಲಿ ಹೋರಾಡಿ ಎಲ್ಲವನ್ನೂ ಕಳೆದುಕೊಂಡವನು, ಸಂಬಂಧದಲ್ಲಿ ಟಿಪ್ಪು ಸುಲ್ತಾನನ ಸೋದರಳಿಯ! ಇಸವಿಗಳನ್ನು ಕೂಡಿಸಿ ನೋಡಿದರೆ ಆ ನೆಂಟಸ್ತಿಕೆ ಅಷ್ಟಾಗಿ ಹೊಂದುವುದಿಲ್ಲ. ಆದರೂ ಶ್ರೀರಂಗಪಟ್ಟಣದ ಹೆಸರು ಫ್ರೆಂಚ್ ಲೇಖಕನ ಮನಸ್ಸಿನಲ್ಲಿ ಅಷ್ಟು ಕಾಲ ಉಳಿದಿತ್ತೆಂಬುದು ನನಗೆ ಇಷ್ಟವಾದ ಸಂಗತಿ.

ಪ್ರಶ್ನೆ: ‘ಸೈನ್ಸ್ ಫಿಕ್ಷನ್’ ಎಂಬ ಹೆಸರನ್ನು ಇಟ್ಟವರು ಯಾರು? ಅದಕ್ಕೆ ಮೊದಲು ಇಂಥ ಕಥೆಗಳನ್ನು ಏನೆಂದು ಕರೆಯುತ್ತಿದ್ದರು? (ಪದವಿ ವಿದ್ಯಾರ್ಥಿ, ಧಾರವಾಡ)

ಉತ್ತರ: ಆ ಎರಡು ಪದಗಳನ್ನು ಜೋಡಿಸಿ 1851ರಷ್ಟು ಹಿಂದೆಯೇ ವಿಲಿಯಂ ವಿಲ್ಸನ್ ಎಂಬ ಇಂಗ್ಲಿಷ್ ಲೇಖಕ ಬಳಸಿದ್ದಾನೆ. ಆದರೆ ಅದು ಬಿತ್ತಿದ ಕಡೆ ಮೊಳೆಯದ ಬೀಜ. ವರ್ನನ ಪ್ರಕಾಶಕ ಅವನ ಕಾದಂಬರಿಗಳನ್ನು ‘ಅಸಾಧಾರಣ ಯಾತ್ರೆಗಳು’ ಎಂಬ ಮಾಲೆಯಲ್ಲಿ ಮಾರಿದ. ವೆಲ್ಸನವನ್ನು ವೈಜ್ಞಾನಿಕ ರಮ್ಯಕಥೆಗಳೆನ್ನುತ್ತಿದ್ದರು. ಹೆಸರು ನೆಲೆಗೊಂಡದ್ದು ಲಕ್ಸೆಂಬರ್ಗಿನಲ್ಲಿ ಹುಟ್ಟಿ 1904ರಲ್ಲಿ ಅಮೆರಿಕಕ್ಕೆ ಹೋದ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬ ವ್ಯಾಪಾರಿಯಿಂದ. ರೇಡಿಯೋ ಬಿಡಿಭಾಗ ಮಾರುತ್ತ, ಅದರ ಗಿರಾಕಿಗಳಿಗಾಗಿ ತಾಂತ್ರಿಕ ಪತ್ರಿಕೆ ನಡೆಸುತ್ತ, ಅದರಲ್ಲಿಯೇ ಭವಿಷ್ಯದ ಕಥೆಗಳನ್ನೂ ಸೇರಿಸುತ್ತಿದ್ದವನು 1926ರ ಏಪ್ರಿಲಿನಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಎಂಬ, ಇಂಥ ಕಥೆಗಳಿಗೇ ಮೀಸಲಾದ ಮಾಸಿಕವನ್ನು ಹೊರತಂದ. ಬೆಲೆ 25 ಸೆಂಟ್. ಮೊದಲ ಸಂಚಿಕೆಯಲ್ಲಿ ಹೊಸ ಕಥೆ ಒಂದೂ ಇರಲಿಲ್ಲ; ವರ್ನ್, ವೆಲ್ಸ್, ಪೋ ಮೊದಲಾದವರ ಹಳೆಯ ಕಥೆಗಳನ್ನೇ ಮರುಮುದ್ರಿಸಿದ್ದ. ಅವನು ಮೊದಲು ಇಟ್ಟ ಹೆಸರು ‘ಸೈಂಟಿಫಿಕ್ಷನ್’. ಅದು ಯಾರ ನಾಲಗೆಗೂ ಸಲೀಸಾಗಿ ಹತ್ತಲಿಲ್ಲ. 1929ರಲ್ಲಿ ದಿವಾಳಿಯಾಗಿ ಆ ಪತ್ರಿಕೆ ಕೈಬಿಟ್ಟುಹೋದಾಗ ಅವನು ಕೆಲವೇ ತಿಂಗಳಲ್ಲಿ ಬೇರೆ ಪತ್ರಿಕೆ ಹೂಡಿದ. ಅದರಲ್ಲಿ ‘ಸೈನ್ಸ್ ಫಿಕ್ಷನ್’ ಎಂಬ ಹೆಸರು ನಿಂತಿತು.

ಗರ್ನ್ಸ್‌ಬ್ಯಾಕ್ ಒಳ್ಳೆಯ ಲೇಖಕನಲ್ಲ. ಅವನ ಸ್ವಂತ ಕಾದಂಬರಿ ಯಂತ್ರಗಳ ಬೆಲೆಪಟ್ಟಿಯಂತಿದೆ. ಲೇಖಕರಿಗೆ ಸಂಭಾವನೆ ಕೊಡುವುದರಲ್ಲಿಯೂ ಅವನ ಕೈ ಬಿಗಿ. ಆದರೂ ಈ ಪ್ರಕಾರದ ಅತಿ ಪ್ರಸಿದ್ಧ ಪ್ರಶಸ್ತಿಗೆ 1953ರಿಂದ ಅವನ ಹೆಸರೇ ಅಂಟಿಕೊಂಡಿರುವುದಕ್ಕೆ ನನ್ನ ದೃಷ್ಟಿಯಲ್ಲಿ ಒಂದೇ ಕಾರಣ ಸಾಕು: ಅವನು ಓದುಗರ ಪತ್ರಗಳನ್ನು ಅಚ್ಚು ಹಾಕಿದ, ಬರೆದವರ ಪೂರ್ತಿ ವಿಳಾಸದೊಂದಿಗೆ ಹಾಕಿದ. ಎಲ್ಲೆಲ್ಲೋ ಒಂಟಿಯಾಗಿ ಓದುತ್ತಿದ್ದ ಹುಡುಗರು ವಿಳಾಸ ನೋಡಿ ಪರಸ್ಪರ ಕಾಗದ ಬರೆದರು, ಊರೂರಿಗೆ ಕೂಟ ಕಟ್ಟಿದರು, ಕೈಯಿಂದ ಸೈಕ್ಲೋಸ್ಟೈಲ್ ಯಂತ್ರ ತಿರುಗಿಸಿ ತಮ್ಮದೇ ಪುಟ್ಟ ಪತ್ರಿಕೆಗಳನ್ನು ಹೊರಡಿಸಿದರು. ಅವರ ಮೊದಲ ವಿಶ್ವ ಸಮ್ಮೇಳನ 1939ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಕೂಡಿತು. ಬಂದವರು ಸುಮಾರು 200 ಮಂದಿ. ಅವರಲ್ಲಿ ಒಬ್ಬ ಐಸಾಕ್ ಅಸಿಮೊವ್. ಮಿಠಾಯಿ ಅಂಗಡಿಯವನ ಮಗನಾದ ಅವನು ಕಥೆಗಾರನಾಗಿ ಅಚ್ಚಾಗುವುದಕ್ಕೆ ಎಷ್ಟೋ ಮೊದಲು ಪತ್ರಗಳ ಪುಟದಲ್ಲಿ ಅಚ್ಚಾಗಿದ್ದವನು.

ಕಳೆದ ತಿಂಗಳ ನನ್ನ ಉತ್ತರ ಅರೆಬರೆಯಾಗಿದ್ದದ್ದು ಇಲ್ಲಿಯೇ. ಮೇರಿ ಶೆಲ್ಲಿ ಒಂದು ಕಾದಂಬರಿ ಬರೆದಳು. ಸಾಹಿತ್ಯ ಪ್ರಕಾರ ಒಬ್ಬರಿಂದ ಆಗುವಂಥದ್ದಲ್ಲ. ಬರೆಯುವವರು, ಅಚ್ಚು ಹಾಕುವವರು, ಓದಿ ಜಗಳಕ್ಕೆ ಬರುವವರು ಮೂವರೂ ಒಂದೆಡೆ ಕೂಡಿದಾಗ ಅದು ಆಗುತ್ತದೆ. ಧಾರವಾಡದವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆಯ ಅಟ್ಟದ ಮೇಲೆ ಜಿ. ಬಿ. ಜೋಶಿಯವರ ಸುತ್ತ ಕುಳಿತವರ ಮಾತುಕತೆಯನ್ನು ತೆಗೆದುಹಾಕಿದರೆ ಕನ್ನಡ ಕಾದಂಬರಿ, ನಾಟಕಗಳ ಚರಿತ್ರೆ ಎಷ್ಟು ಬಡವಾಗುತ್ತದೆ!

ಅಮೆರಿಕದ ಆ ಅಟ್ಟಕ್ಕೆ ಗುಣಮಟ್ಟ ತಂದವನು ಜಾನ್ ಕ್ಯಾಂಪ್‌ಬೆಲ್. 1937ರ ಕೊನೆಯಲ್ಲಿ ‘ಅಸ್ಟೌಂಡಿಂಗ್’ ಪತ್ರಿಕೆಯ ಸಂಪಾದಕನಾದ ಅವನು, ಯಂತ್ರದ ವರ್ಣನೆ ಸಾಕು, ಆ ಯಂತ್ರ ಇರುವ ಲೋಕದಲ್ಲಿ ಜನ ಹೇಗೆ ಬದುಕುತ್ತಾರೆಂಬುದನ್ನು ಬರೆಯಿರಿ ಎಂದು ಲೇಖಕರ ಬೆನ್ನು ಹತ್ತಿದ. ಅಸಿಮೊವ್, ಹೈನ್‌ಲೈನ್ ಮೊದಲಾದವರು ಬೆಳೆದದ್ದು ಅವನ ಗರಡಿಯಲ್ಲಿ. ಅವನ ಜನಾಂಗೀಯ ಪೂರ್ವಗ್ರಹಗಳೂ ಅಷ್ಟೇ ಕುಖ್ಯಾತವಾದದ್ದರಿಂದ, ಹೊಸ ಲೇಖಕರಿಗೆ ಅವನ ಹೆಸರಿನಲ್ಲಿ ಕೊಡುತ್ತಿದ್ದ ಪ್ರಶಸ್ತಿಯ ಹೆಸರನ್ನು 2019ರಲ್ಲಿ ಬದಲಿಸಿದರು.

ಪ್ರಶ್ನೆ: ‘ರೋಬೋಟ್’ ಅಸಿಮೊವ್ ಮಾಡಿದ ಪದವೇ? (ಓದುಗರು, ರಾಣೆಬೆನ್ನೂರು)

ಉತ್ತರ: ಅಲ್ಲ. ಚೆಕ್ ನಾಟಕಕಾರ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕದಲ್ಲಿ ಅದು ಬಂತು; ಪದವನ್ನು ಸೂಚಿಸಿದವನು ಅವನ ಅಣ್ಣ ಜೋಸೆಫ್. ಮೂಲದಲ್ಲಿ ಅದರ ಅರ್ಥ ಬಿಟ್ಟಿ ಚಾಕರಿ. ಅಸಿಮೊವ್ ಕೊಟ್ಟದ್ದು ರೋಬೋಟುಗಳ ಮೂರು ನಿಯಮಗಳನ್ನು, 1942ರ ಒಂದು ಕಥೆಯಲ್ಲಿ.

ಪ್ರಶ್ನೆ: ಅಣುಬಾಂಬ್, ಉಪಗ್ರಹ ಎಲ್ಲವನ್ನೂ ಈ ಲೇಖಕರು ಮೊದಲೇ ಹೇಳಿಬಿಟ್ಟಿದ್ದರಂತೆ. ಇದು ಜ್ಯೋತಿಷ್ಯವೋ ಲೆಕ್ಕವೋ? (ಮೆಣಸಿನಕಾಯಿ ವ್ಯಾಪಾರಿ, ಬ್ಯಾಡಗಿ)

ಉತ್ತರ: ಕೊಟ್ಟಿಯಲ್ಲಿರುವ ಕಾಯಿಯ ಬಣ್ಣ ನೋಡಿ ಮುಂದಿನ ತಿಂಗಳ ಧಾರಣೆ ಊಹಿಸುತ್ತೀರಲ್ಲ, ಇದೂ ಅದೇ ಜಾತಿಯದು. ಹೊಂದಿದ್ದನ್ನು ಜನ ನೆನಪಿಡುತ್ತಾರೆ, ತಪ್ಪಿದ್ದನ್ನು ಮರೆಯುತ್ತಾರೆ. ವೆಲ್ಸ್ 1914ರ ಕಾದಂಬರಿಯೊಂದರಲ್ಲಿ ‘ಅಣುಬಾಂಬ್’ ಎಂಬ ಪದವನ್ನೇ ಬಳಸಿದ್ದು ನಿಜ. ಆದರೆ ಅವನ ಬಾಂಬನ್ನು ವಿಮಾನದಿಂದ ಕೈಯಲ್ಲಿ ಎತ್ತಿ ಎಸೆಯುತ್ತಾರೆ, ಅದು ದಿನಗಟ್ಟಲೆ ಉರಿಯುತ್ತಲೇ ಇರುತ್ತದೆ. ಸ್ವಾರಸ್ಯವಿರುವುದು ಬೇರೆ ಕಡೆ. ಹಂಗೇರಿಯ ಭೌತವಿಜ್ಞಾನಿ ಲಿಯೋ ಜಿಲಾರ್ಡ್ ಆ ಕಾದಂಬರಿಯನ್ನು 1932ರಲ್ಲಿ ಓದಿದ. ಮರುವರ್ಷ ಲಂಡನ್ನಿನ ಬೀದಿಯೊಂದನ್ನು ದಾಟುವಾಗ, ಒಂದು ಪರಮಾಣುವಿನ ಒಡೆತ ಮುಂದಿನವನ್ನೂ ಒಡೆಯುತ್ತ ಹೋಗುವ ಸರಣಿ ಕ್ರಿಯೆಯ ವಿಚಾರ ಅವನಿಗೆ ಹೊಳೆಯಿತು. ಆ ವಿಚಾರಕ್ಕೆ ಪೇಟೆಂಟ್ ಪಡೆದು ಅದನ್ನು ಬ್ರಿಟಿಷ್ ನೌಕಾಪಡೆಯ ವಶಕ್ಕೆ ಕೊಟ್ಟು ಗುಟ್ಟಾಗಿಡಿಸಿದ. ಅದು ಬಹಿರಂಗವಾದರೆ ಏನಾದೀತೆಂಬುದು ವೆಲ್ಸನನ್ನು ಓದಿದವನಿಗೆ ಗೊತ್ತಿತ್ತು.

ಉಪಗ್ರಹದ ವಿಷಯವಾಗಿ ಆರ್ಥರ್ ಕ್ಲಾರ್ಕ್ 1945ರಲ್ಲಿ ಬರೆದದ್ದು ಕಥೆಯಲ್ಲ, ರೇಡಿಯೋ ಪತ್ರಿಕೆಯೊಂದಕ್ಕೆ ಲೇಖನ. ಇನ್ನು ತಪ್ಪಿದ್ದಕ್ಕೆ ಒಂದು ಉದಾಹರಣೆ ಸಾಕು: ಆ ಕಾಲದ ಎಷ್ಟೋ ಕಥೆಗಳಲ್ಲಿ ನಕ್ಷತ್ರಗಳತ್ತ ಹೊರಟ ವೀರರ ಕಿಸೆಯಲ್ಲಿರುವುದು ಸ್ಲೈಡ್ ರೂಲ್, ಕ್ಯಾಲ್ಕುಲೇಟರ್ ಬರುವ ಮೊದಲು ಎಂಜಿನಿಯರರು ಜಾರಿಸಿ ಲೆಕ್ಕ ಮಾಡುತ್ತಿದ್ದ ಅಳತೆಪಟ್ಟಿ.

ಪ್ರಶ್ನೆ: ಇದು ಹುಡುಗರ ಸಾಹಿತ್ಯ, ಗಂಭೀರ ಅಧ್ಯಯನಕ್ಕೆ ವಸ್ತುವಲ್ಲ ಎಂದು ನನ್ನ ಹಿರಿಯರೊಬ್ಬರು ಹೇಳಿದರು. ನಾನು ಇದರ ಮೇಲೆ ಪ್ರಬಂಧ ಬರೆಯಬೇಕೆಂದಿದ್ದೆ. (ಕನ್ನಡ ಎಂ.ಎ. ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಧಾರಾಳವಾಗಿ ಬರೆಯಿರಿ. ಹಿರಿಯರ ಮಾತು 1930ರ ಪತ್ರಿಕೆಗಳ ಮುಖಪುಟ ನೋಡಿದರೆ ನಿಜ. ಆದರೆ 1964ರಲ್ಲಿ ಮೈಕೆಲ್ ಮೂರ್‌ಕಾಕ್ ಇಂಗ್ಲೆಂಡಿನ ‘ನ್ಯೂ ವರ್ಲ್ಡ್ಸ್’ ಪತ್ರಿಕೆಯ ಸಂಪಾದಕನಾದ ಮೇಲೆ ಭಾಷೆ, ತಂತ್ರ, ಮನಸ್ಸು ಇವು ಕೂಡ ಪ್ರಯೋಗದ ವಸ್ತುಗಳಾದವು. ನಮ್ಮಲ್ಲಿ ನವ್ಯ ಮಾಡಿದ ಕೆಲಸವನ್ನು ನೆನಪಿಗೆ ತರುವ ಘಟ್ಟ ಅದು. ಪೋಲೆಂಡಿನ ಸ್ಟಾನಿಸ್ಲಾವ್ ಲೆಮ್ 1961ರಲ್ಲಿಯೇ, ಮನುಷ್ಯನಿಗೆ ಎಂದೂ ಅರ್ಥವಾಗದ ಒಂದು ಕಡಲನ್ನು ಗ್ರಹದ ತುಂಬ ಹರಡಿ ಕಾದಂಬರಿ ಬರೆದಿದ್ದ. ಇವರೆಲ್ಲರಲ್ಲಿ ನೀವು ಮೊದಲು ಓದಬೇಕಾದವಳು ಉರ್ಸುಲಾ ಲೆ ಗ್ವಿನ್. ಮಾನವಶಾಸ್ತ್ರಜ್ಞರ ಮನೆಯಲ್ಲಿ ಬೆಳೆದ ಅವಳು 1969ರ ಕಾದಂಬರಿಯಲ್ಲಿ, ಹುಟ್ಟಿನಿಂದ ಗಂಡೂ ಅಲ್ಲದ ಹೆಣ್ಣೂ ಅಲ್ಲದ ಜನರ ಹಿಮದ ನಾಡನ್ನು ಕಟ್ಟಿದಳು. ಅಲ್ಲಿ ತಿಂಗಳಿಗೊಮ್ಮೆ ಯಾರು ಬೇಕಾದರೂ ಯಾವುದಾದರೂ ಆಗಬಹುದು, ಆದ್ದರಿಂದ ರಾಜನೇ ಬಸುರಿಯಾಗಬಹುದು. ಯಂತ್ರ ಅದರಲ್ಲಿ ಹೆಚ್ಚೇನೂ ಇಲ್ಲ. ‘ವಿಜ್ಞಾನ’ ಎಂಬ ಪದದೊಳಗೆ ಸಮಾಜಶಾಸ್ತ್ರಕ್ಕೂ ಭಾಷಾಶಾಸ್ತ್ರಕ್ಕೂ ಜಾಗ ಮಾಡಿಕೊಟ್ಟವಳು ಅವಳು. ಶೀಲವಂತನೋ ಶೂರನೋ ಎಂದು ಪಾತ್ರಗಳನ್ನು ಅಳೆಯುವ ವಿಮರ್ಶೆಗೆ ಇದು ದಕ್ಕುವುದಿಲ್ಲ, ನಿಮ್ಮ ಪ್ರಬಂಧಕ್ಕೆ ಅದೇ ಒಳ್ಳೆಯ ತಲೆಬಿಸಿ.

ಪ್ರಶ್ನೆ: ಎಲ್ಲವೂ ಹೊರಗಿನವರದೇ ಆಯಿತು. ನಮ್ಮ ದೇಶದ ಭಾಷೆಗಳಲ್ಲಿ, ಅದರಲ್ಲೂ ಕನ್ನಡದಲ್ಲಿ ಏನು ನಡೆದಿದೆ? (ಪ್ರೌಢಶಾಲಾ ಶಿಕ್ಷಕಿ, ಹಾವೇರಿ)

ಉತ್ತರ: ನಡೆದದ್ದು ಸಣ್ಣದಲ್ಲ. ಗರ್ನ್ಸ್‌ಬ್ಯಾಕ್ ಹೆಸರಿಡುವುದಕ್ಕೆ 30 ವರ್ಷ ಮೊದಲು, 1896ರಲ್ಲಿ, ಕಲಕತ್ತೆಯ ‘ಕುಂತಲೀನ್’ ಎಂಬ ತಲೆಗೆಣ್ಣೆಯ ಕಂಪನಿ ಕಥಾಸ್ಪರ್ಧೆ ಏರ್ಪಡಿಸಿತು. ಎಣ್ಣೆಯ ಹೆಸರು ಕಥೆಯೊಳಗೆ ಬರಬೇಕು, ಜಾಹೀರಾತಿನಂತೆ ಕಾಣಬಾರದು. ಬಹುಮಾನ ಗೆದ್ದವರು ವಿಜ್ಞಾನಿ ಜಗದೀಶಚಂದ್ರ ಬೋಸ್. ಅವರ ಬಂಗಾಳಿ ಕಥೆಯಲ್ಲಿ ಹಡಗೊಂದು ಚಂಡಮಾರುತಕ್ಕೆ ಸಿಕ್ಕಿಕೊಂಡಾಗ ಪ್ರಯಾಣಿಕನೊಬ್ಬ ಎಣ್ಣೆಯ ಸೀಸೆಯನ್ನು ಸಮುದ್ರಕ್ಕೆ ಸುರಿಯುತ್ತಾನೆ, ಅಲೆಗಳು ಅಡಗುತ್ತವೆ. ನೀರಿನ ಮೇಲೆ ಎಣ್ಣೆ ಹರಡಿದರೆ ಸಣ್ಣ ಅಲೆ ತಗ್ಗುವುದು ಪ್ರಯೋಗದಿಂದ ತಿಳಿದ ಸಂಗತಿ. ಆ ಒಂದು ಎಳೆಯನ್ನು ಹಿಡಿದು ಚಂಡಮಾರುತದವರೆಗೆ ಎಳೆದದ್ದೇ ಕಥೆಯ ತಮಾಷೆ. ಒಂಬತ್ತು ವರ್ಷದ ನಂತರ, 1905ರಲ್ಲಿ, ಮದ್ರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ರುಕಯ್ಯಾ ಸಖಾವತ್ ಹುಸೇನ್ ಅವರ ‘ಸುಲ್ತಾನಾಳ ಕನಸು’ ಎಂಬ ಇಂಗ್ಲಿಷ್ ಕಥೆ ಬಂತು. ಅದರಲ್ಲಿ ಗಂಡಸರು ಪರದೆಯೊಳಗೆ, ಹೆಂಗಸರು ವಿಶ್ವವಿದ್ಯಾಲಯದಲ್ಲಿ. ಒಂದು ವಿಶ್ವವಿದ್ಯಾಲಯದವರು ಮೋಡದಿಂದ ನೇರವಾಗಿ ನೀರು ಇಳಿಸಿಕೊಳ್ಳುವ ಬಲೂನನ್ನು, ಇನ್ನೊಂದರವರು ಸೂರ್ಯನ ಶಾಖ ಕೂಡಿಡುವ ಸಾಧನವನ್ನು ಕಟ್ಟುತ್ತಾರೆ. ನಿಮ್ಮ ಶಾಲೆಯ ಹೆಣ್ಣುಮಕ್ಕಳಿಗೆ ಇದನ್ನು ಕನ್ನಡದಲ್ಲಿ ಹೇಳಿ ನೋಡಿ.

ಇವು ಬಿಡಿ ಕಥೆಗಳು. ಬಂಗಾಳಿಯಲ್ಲಿ ಪ್ರಕಾರವಾಗಿ ಬೇರೂರಿದ್ದು 1963ರಲ್ಲಿ ಅದ್ರಿಶ್ ಬರ್ಧನ್ ‘ಆಶ್ಚರ್ಯ’ ಎಂಬ ಪತ್ರಿಕೆಯನ್ನೇ ಹೊರತಂದಾಗ. ‘ಕಲ್ಪವಿಜ್ಞಾನ’ ಎಂಬ ಸೊಗಸಾದ ಹೆಸರೂ ಅವರದೇ. ಮರಾಠಿಯಲ್ಲಿ ಆ ಜಾಗವನ್ನು ಒದಗಿಸಿದ್ದು ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗಳು. 1974ರಲ್ಲಿ ಆ ಸ್ಪರ್ಧೆಗೆ ಕಪ್ಪುರಂಧ್ರದ ಬಗೆಗಿನ ಕಥೆಯೊಂದನ್ನು ನಾರಾಯಣ ವಿನಾಯಕ ಜಗತಾಪ ಎಂಬವರು ಕಳುಹಿಸಿ ಬಹುಮಾನ ಗೆದ್ದರು. ಆಮೇಲೆ ನೋಡಿದರೆ ಅವರು ಕೊಲ್ಹಾಪುರದಲ್ಲಿ ಹುಟ್ಟಿದ ಖಗೋಳವಿಜ್ಞಾನಿ ಜಯಂತ ವಿಷ್ಣು ನಾರಳೀಕರ್; ಹೆಸರಿನ ಮೊದಲಕ್ಷರಗಳನ್ನು ತಿರುಗಿಸಿಟ್ಟಿದ್ದರು, ತಮ್ಮ ಖ್ಯಾತಿ ತೀರ್ಪುಗಾರರನ್ನು ಬಾಗಿಸಬಾರದೆಂದು.

ಕನ್ನಡಕ್ಕೆ ಬಂದರೆ, ವಿಜ್ಞಾನ ಬರಹದ ಪರಂಪರೆ ನಮ್ಮಲ್ಲಿ ಗಟ್ಟಿಯಾಗಿದೆ. ಬೆಳ್ಳಾವೆ ವೆಂಕಟನಾರಣಪ್ಪನವರ ‘ವಿಜ್ಞಾನ’ ಮಾಸಪತ್ರಿಕೆ 1918ರದ್ದು. ಶಿವರಾಮ ಕಾರಂತರು ಮಕ್ಕಳಿಗೂ ದೊಡ್ಡವರಿಗೂ ಒಬ್ಬರೇ ಕುಳಿತು ವಿಜ್ಞಾನ ಸಂಪುಟಗಳನ್ನು ಬರೆದರು. ಹುಬ್ಬಳ್ಳಿಯಿಂದ 1956ರಲ್ಲಿ ಹೊರಟ ‘ಕಸ್ತೂರಿ’ಯ ಪುಟಗಳಲ್ಲಿ ಪಾ. ವೆಂ. ಆಚಾರ್ಯರ ಆರೈಕೆಯಲ್ಲಿ ಜಗತ್ತಿನ ಸಂಗತಿಗಳೆಲ್ಲ ನಮ್ಮ ಮನೆಗಳಿಗೆ ಬಂದವು. ಕಥೆಯ ಕಡೆ ಬಂದಾಗ ಸಾಲು ತೆಳುವಾಗುತ್ತದೆ. ರಾಜಶೇಖರ ಭೂಸನೂರಮಠರು ಇದನ್ನೇ ತಮ್ಮ ಬರವಣಿಗೆಯ ಮುಖ್ಯ ಕ್ಷೇತ್ರ ಮಾಡಿಕೊಂಡವರು, ಅವರ ಹೆಸರನ್ನು ಮೊದಲು ಹೇಳಬೇಕು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು (1980) ಹಲವರು ಈ ಸಾಲಿಗೆ ಸೇರಿಸುತ್ತಾರೆ. ಹಾರುವ ಓತಿ ಸಹ್ಯಾದ್ರಿಯಲ್ಲಿ ಇರುವ ಪ್ರಾಣಿಯೇ ಆದ್ದರಿಂದ ನಾನು ಸೇರಿಸಲಾರೆ. ಆದರೆ ವಿಜ್ಞಾನಿಯ ಕಣ್ಣು ಹಳ್ಳಿಗರ ನಡುವೆ ಹೇಗೆ ಓಡಾಡುತ್ತದೆಂದು ಬರೆಯಲು ಬಯಸುವವರಿಗೆ ಅದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ಹಾವೇರಿಯವರಾದ ನೀವು ಗಳಗನಾಥರನ್ನು ಬಲ್ಲಿರಿ. ಮರಾಠಿಯ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದು, ಪುಸ್ತಕಗಳನ್ನು ಹೊತ್ತು ಮಾರಿ, ಅವರು ಓದುಗರನ್ನು ಗಳಿಸಿದರು. ಮರಾಠಿ ವಿಜ್ಞಾನ ಕಥೆಗೆ ಅಂಥ ಹೆಗಲು ನಮ್ಮ ಭಾಗದಲ್ಲಿ ಸಿಗಲಿಲ್ಲ. 1956ರ ಏಕೀಕರಣದ ನಂತರ ಮರಾಠಿ ಓದುವ ತಲೆಮಾರು ಇಲ್ಲಿ ಕರಗುತ್ತ ಬಂದದ್ದು ಒಂದು ಕಾರಣವಿರಬೇಕು. ನವ್ಯದ ಕಾಲದಲ್ಲಿ ಕಥೆಗಾರರು ಒಳಮನಸ್ಸಿನತ್ತ ತಿರುಗಿದರು, ವಿಜ್ಞಾನ ಬಲ್ಲವರು ಪಾಠ ಹೇಳುವುದರಲ್ಲಿಯೇ ಉಳಿದರು. ಇಬ್ಬರೂ ಒಂದೇ ಪತ್ರಿಕೆಯಲ್ಲಿ ತಿಂಗಳು ತಿಂಗಳು ಮುಖಾಮುಖಿಯಾಗುವ ಪ್ರಸಂಗ ಬರಲಿಲ್ಲ. ವೈಜ್ಞಾನಿಕ ಕಥೆ, ವಿಜ್ಞಾನ ಕಥೆ, ಸೈ-ಫೈ ಎಂದು ನಮ್ಮಲ್ಲಿ ಇನ್ನೂ ಹೆಸರೇ ಒಂದಾಗಿಲ್ಲ, ಈ ಅಂಕಣದಲ್ಲಿ ಕೂಡ.

ಪ್ರಶ್ನೆ: ನಾನು ಒಕ್ಕಲುತನ ಮಾಡುತ್ತೇನೆ, ಬಿ.ಎಸ್ಸಿ. ಓದಿದ್ದೇನೆ. ವಿಜ್ಞಾನ ಕಥೆ ಬರೆಯಬೇಕೆಂಬ ಆಸೆ. ಆದರೆ ಬಾಹ್ಯಾಕಾಶ ನೌಕೆಯ ಬಗ್ಗೆ ನನಗೇನೂ ಗೊತ್ತಿಲ್ಲ. (ಓದುಗರು, ಲಕ್ಷ್ಮೇಶ್ವರ)

ಉತ್ತರ: ನೌಕೆ ಬೇಡ. ವೆಲ್ಸ್ ತನ್ನ ಕಥೆಗಳ ಸಂಕಲನವೊಂದಕ್ಕೆ 1933ರಲ್ಲಿ ಬರೆದ ಮುನ್ನುಡಿಯಲ್ಲಿ ಹೇಳಿದ ಗುಟ್ಟು ಇಷ್ಟೇ: ಒಂದು ಕಥೆಗೆ ಒಂದೇ ಅಸಾಧ್ಯ, ಉಳಿದದ್ದೆಲ್ಲ ದಿನನಿತ್ಯದ್ದು. ಆ ಒಂದು ಸುಳ್ಳನ್ನು ಓದುಗ ನುಂಗಿದ ಮೇಲೆ ಎರಡನೆಯದನ್ನು ಬಡಿಸಬಾರದು. ನಿಮ್ಮ ಕೈಯಲ್ಲಿರುವ ವಸ್ತುವನ್ನೇ ತೆಗೆದುಕೊಳ್ಳಿ. ನಮ್ಮ ರಾಜ್ಯದಲ್ಲಿ 2017ರಲ್ಲಿ ‘ವರ್ಷಧಾರೆ’ ಎಂಬ ಹೆಸರಿನಲ್ಲಿ ವಿಮಾನಗಳಿಂದ ಮೋಡ ಬಿತ್ತನೆ ನಡೆಯಿತು. ಮೋಡ ಇದ್ದರೆ ಮಾತ್ರ ಅದರಲ್ಲಿ ಉಪ್ಪಿನ ಇಲ್ಲವೇ ಸಿಲ್ವರ್ ಅಯೊಡೈಡಿನ ಕಣ ಬಿಟ್ಟು ಹನಿಗಟ್ಟಿಸಲು ಯತ್ನಿಸಬಹುದು. ಇಂಥ ಹೊಲದಲ್ಲಿಯೇ ಸುರಿಯೆಂದು ಹೇಳಲು ಬರುವುದಿಲ್ಲ. ಅದು ಬರುತ್ತದೆಂದು ಇಟ್ಟುಕೊಳ್ಳಿ, ಅಷ್ಟೇ ನಿಮ್ಮ ಸುಳ್ಳು. ಈಗ ಲಕ್ಷ್ಮೇಶ್ವರಕ್ಕೆ ದುಡ್ಡು ಕಟ್ಟಿ ತರಿಸಿದ ಮೋಡ ದಾರಿಯಲ್ಲಿ ಅಣ್ಣಿಗೇರಿಯ ಮೇಲೆ ಅರ್ಧ ಸುರಿದುಬಿಟ್ಟರೆ ಬಿಲ್ಲು ಯಾರು ಕೊಡಬೇಕು? ಶೇಂಗಾ ಕಿತ್ತು ಹರವಿದವನಿಗೆ ಬೇಡವಾದ ಮಳೆ ಕಡಲೆ ಬಿತ್ತುವವನಿಗೆ ಬೇಕಲ್ಲ, ಬದುವಿನ ಮೇಲೆ ನಿಂತು ಅವರು ಏನು ಮಾತಾಡುತ್ತಾರೆ? ಮಳೆ ಬೇಡಿ ಗುರ್ಜಿ ಆಡಿಸುತ್ತಿದ್ದ ಮುದುಕಿಗೆ ಆ ವರ್ಷ ಜೋಳ ನೀಡುವವರು ಯಾರು? ಇವುಗಳಲ್ಲಿ ಒಂದನ್ನು ಹಿಡಿದು ಬರೆಯಿರಿ, ಎಂಟು ಪುಟ ಮೀರದಿರಲಿ. ಹಾಳೆಯ ಒಂದೇ ಬದಿಗೆ ಬರೆದು ಈ ಅಂಕಣದ ವಿಳಾಸಕ್ಕೇ ಕಳುಹಿಸಿ. ಗದಗದ ಉಪನ್ಯಾಸಕರಿಗೆ ಮೊದಲು ಓದಲು ಕೊಡುತ್ತೇನೆ.